ಗ್ರಾಫಿಂಗ್ ಕ್ಯಾಲ್ಕುಲೇಟರ್: ಯಾರಿಗೆ ಯಾವುದು ಸಾಕು, ಯಾರಿಗೆ ಬೇಡವೇ ಬೇಡ

ಜೂನ್ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮೇಡಂ, ಮಗನಿಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕಂತೆ. ನೋಡಿದ್ರೆ ಸಾವಿರಗಟ್ಟಲೆ ಬೆಲೆ. ಯಾವುದು ತಗೊಳ್ಳಲಿ?" ಆಗಸ್ಟ್‌ನಲ್ಲಿ ಅದೇ ಪ್ರಶ್ನೆ ಅಮೆರಿಕದಿಂದ ಬರುತ್ತದೆ, ಡಾಲರ್ ಲೆಕ್ಕದಲ್ಲಿ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಅಂದರೆ ಸಮೀಕರಣ ಕೊಟ್ಟರೆ ಅದರ ಗ್ರಾಫನ್ನು ಸ್ಕ್ರೀನಿನ ಮೇಲೆ ಬಿಡಿಸಿ ತೋರಿಸುವ ಕ್ಯಾಲ್ಕುಲೇಟರ್.

ನಾನು ಗಣಿತ ಹೇಳಿಕೊಡುವವಳು. ಒಂದಷ್ಟು ಮಕ್ಕಳು ಬೆಂಗಳೂರಿನ ನಮ್ಮ ಮನೆಗೇ ಬರುತ್ತಾರೆ. ಒಂದಷ್ಟು ಮಕ್ಕಳು ಹೊರದೇಶದಲ್ಲಿದ್ದು ಆನ್‌ಲೈನ್‌ನಲ್ಲಿ ಕಲಿಯುತ್ತಾರೆ. ಯಾರೇ ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ಮಗು ಬರೆಯುವ ಪರೀಕ್ಷೆ ಯಾವುದು? ಬಣ್ಣದ ಸ್ಕ್ರೀನು, ಮೆಮೊರಿ, ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಇವೆಲ್ಲ ಆಮೇಲಿನ ಮಾತು. ಪರೀಕ್ಷಾ ಹಾಲ್‌ನೊಳಗೆ ಬಿಡದ ಕ್ಯಾಲ್ಕುಲೇಟರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ದಂಡ. ಹಾಗಾಗಿ ಬೇಡದವರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕರ್ನಾಟಕದ ಹೆಚ್ಚಿನ ಮಕ್ಕಳು ಈ ಗುಂಪಿನವರೇ.

ಇವರು ದುಡ್ಡು ಉಳಿಸಬಹುದು

ದ್ವಿತೀಯ ಪಿಯುಸಿ ಗಣಿತ, ಕೆಸಿಇಟಿ, ಜೆಇಇ ಮೇನ್, ಸಿಬಿಎಸ್‌ಇ 12ನೇ ತರಗತಿಯ ಗಣಿತ. ಇವುಗಳಲ್ಲಿ ಕೈಯಲ್ಲೇ ಲೆಕ್ಕ ಮಾಡಬೇಕು. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡವರಿಗೆ ಆ ಪೇಪರಿಗೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿಡುತ್ತಾರೆ, ಅಷ್ಟೇ. ಐಎಸ್‌ಸಿ (ಐಸಿಎಸ್‌ಇ ಶಾಲೆಗಳ 12ನೇ ತರಗತಿ) ಮಕ್ಕಳಿಗೆ ಕ್ಯಾಸಿಯೊ ಎಫ್‌ಎಕ್ಸ್-82ಎಂಎಸ್ ಸಾಕು. ಕೆಲವು ನೂರು ರೂಪಾಯಿಯ ವಸ್ತು ಅದು.

ಇಂಥ ಮಕ್ಕಳಿಗೆ ಗ್ರಾಫ್ ನೋಡುವುದು ಬೇಡವೇ? ಖಂಡಿತ ಬೇಕು. ಆದರೆ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಜಿಯೋಜೀಬ್ರಾ ಮತ್ತು ಡೆಸ್ಮೋಸ್ ಎರಡೂ ಮನೆಯ ಫೋನಿನಲ್ಲೇ ಪುಕ್ಕಟೆಯಾಗಿ ನಡೆಯುತ್ತವೆ. ಪ್ಯಾರಾಬೋಲಾ ಪಾಠ ಮಾಡುವಾಗ ನಾನು ವೈ² = 4ಎಎಕ್ಸ್ ಅಂತ ಹಾಕಿಸಿ, 'ಎ' ಅನ್ನು ಬೆರಳಿನಿಂದ ಆಚೀಚೆ ಜಾರಿಸಲು ಹೇಳುತ್ತೇನೆ. ಬಾಯಿ ಅಗಲವಾಗುವುದು, ಕಿರಿದಾಗುವುದು, ಮೈನಸ್ ಆದ ಕೂಡಲೇ ಎಡಕ್ಕೆ ತಿರುಗುವುದು ಎಲ್ಲ ಕಣ್ಣೆದುರೇ ಆಗುತ್ತದೆ. ದುಬಾರಿ ಕ್ಯಾಲ್ಕುಲೇಟರ್‌ನ ಸಣ್ಣ ಸ್ಕ್ರೀನಿನಲ್ಲಿ ಇದು ಇಷ್ಟು ಚೆನ್ನಾಗಿ ಕಾಣುವುದೇ ಇಲ್ಲ.

ಅಮೆರಿಕದ ಕಾಲೇಜು ಸೇರಲು ಎಸ್‌ಎಟಿ ಬರೆಯುವವರಿಗೂ ಇದೇ ಮಾತು. ಆ ಪರೀಕ್ಷೆ ಈಗ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಮೇಲೆ ನಡೆಯುತ್ತದೆ. ಭಾರತದಂಥ ದೇಶಗಳಲ್ಲಿ 2023ರಿಂದ, ಅಮೆರಿಕದಲ್ಲಿ 2024ರಿಂದ. ಪರೀಕ್ಷೆಯ ಬ್ಲೂಬುಕ್ ಆ್ಯಪ್‌ನೊಳಗೇ ಡೆಸ್ಮೋಸ್ ಇದೆ, ಗಣಿತ ಭಾಗದ ಉದ್ದಕ್ಕೂ ಬಳಸಬಹುದು. ಬರೀ ಎಸ್‌ಎಟಿಗಾಗಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಳ್ಳಬೇಡಿ. ಆ ಹೊತ್ತಲ್ಲಿ ಡೆಸ್ಮೋಸ್ ಕೈಗೆ ಕೂರಿಸಿಕೊಳ್ಳಿ.

ಕೇಂಬ್ರಿಡ್ಜ್ ಬೋರ್ಡಿನ ಶಾಲೆಯವರು ಮಾತ್ರ ಇಲ್ಲಿ ಎರಡು ಸಲ ಓದಬೇಕು. ಅವರ ಹತ್ತನೇ ತರಗತಿ ಮಟ್ಟದ ಐಜಿಸಿಎಸ್‌ಇಯಲ್ಲಿ 0580 ಮತ್ತು 0607 ಅಂತ ಎರಡು ಗಣಿತ ಸಿಲೆಬಸ್‌ಗಳಿವೆ. 0580ಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್, ಗ್ರಾಫಿಂಗ್ ಬಿಡುವುದಿಲ್ಲ. 0607ಕ್ಕೆ ಗ್ರಾಫಿಂಗ್ ಬೇಕು. ಮುಂದೆ 12ನೇ ತರಗತಿ ಮಟ್ಟದ ಎ ಲೆವೆಲ್ ಗಣಿತ 9709ಕ್ಕೆ ಬಂದರೆ ಮತ್ತೆ ಗ್ರಾಫಿಂಗ್ ಇಲ್ಲ. ಒಂದೇ ಬೋರ್ಡು, ಒಂದೇ ಶಾಲೆ, ಪಕ್ಕದ ಸೆಕ್ಷನ್, ಆದರೂ ನಿಯಮ ತಿರುಗುಮುರುಗು. ಗೆಳೆಯನ ಮನೆಯವರು ಕೊಂಡರು ಅಂತ ಕೊಳ್ಳಬೇಡಿ. ಮಗುವಿನ ಸಿಲೆಬಸ್ ಕೋಡ್ ಕೇಳಿಕೊಂಡು ಅಂಗಡಿಗೆ ಹೋಗಿ.

ಇಂಜಿನಿಯರಿಂಗ್ ಮಕ್ಕಳಿಗೆ

ವಿಟಿಯು ಕಾಲೇಜಿಗೆ ಸೇರಿದ ಮಕ್ಕಳು ಕೂಡ ಗ್ರಾಫಿಂಗ್ ಕೊಳ್ಳಲಾ ಅಂತ ಕೇಳುತ್ತಾರೆ. ಬೇಡ. ಪರೀಕ್ಷೆಗೆ ನಡೆಯುವುದು ಪ್ರೋಗ್ರಾಂ ಬರೆಯಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರ್. ಗ್ರಾಫಿಂಗ್ ಎಲ್ಲವೂ ಪ್ರೋಗ್ರಾಂ ಬರೆಯಬಹುದಾದವೇ, ಹಾಗಾಗಿ ಹಾಲ್‌ನಲ್ಲಿ ಎತ್ತಿಟ್ಟುಕೊಳ್ಳುತ್ತಾರೆ. ಮುಂದೆ ಗೇಟ್ ಬರೆದರೆ ಸ್ಕ್ರೀನಿನ ಮೇಲೇ ಒಂದು ಕ್ಯಾಲ್ಕುಲೇಟರ್ ಕೊಡುತ್ತಾರೆ, ಕೈಯದ್ದು ಹೊರಗೇ ಉಳಿಯುತ್ತದೆ.

ಇವರಿಗೆ ಸರಿಹೊಂದುವುದು ಕ್ಯಾಸಿಯೊ 991 ಸರಣಿ. ಅದರಲ್ಲಿ ಈಗ ಮೂರು ಹೆಸರು ಕೇಳಿಸುತ್ತವೆ: ಇಎಸ್ ಪ್ಲಸ್, ಇಎಕ್ಸ್, ಸಿಡಬ್ಲ್ಯೂ. ಬೆಲೆ ಸುಮಾರಾಗಿ ಸಾವಿರ ಚಿಲ್ಲರೆಯಿಂದ ಎರಡು ಸಾವಿರದ ಆಸುಪಾಸು. ಇಎಸ್ ಪ್ಲಸ್‌ನಲ್ಲಿ ಮ್ಯಾಟ್ರಿಕ್ಸ್ 3×3ರವರೆಗೆ, ಇಎಕ್ಸ್‌ನಲ್ಲಿ 4×4ರವರೆಗೆ. ಇಎಕ್ಸ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಟೇಬಲ್ ಮಾಡಿ ಕ್ಯೂಆರ್ ಕೋಡ್ ತೆಗೆದರೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ಅದರ ಗ್ರಾಫ್ ನೋಡಬಹುದು. ಮನೆಯಲ್ಲಿ ಕಲಿಯಲು ಒಳ್ಳೆಯದು. ಸಿಡಬ್ಲ್ಯೂ ಹೊಸದು, ಸ್ಕ್ರೀನು ಚೆಂದ, ಆದರೆ ಕೀಗಳ ಜಾಗ ಬದಲಾಗಿದೆ. ಹಳೆಯದರಲ್ಲಿ ಒಂದೇ ಒತ್ತಿಗೆ ಸಿಗುತ್ತಿದ್ದ ಕೆಲವು ಈಗ ಮೆನುವಿನ ಒಳಗೆ ಹೋಗಿ ಕುಳಿತಿವೆ. ನನ್ನ ಸಲಹೆ ಸರಳ: ನಿಮ್ಮ ಹಾಸ್ಟೆಲ್ಲಿನ ಸೀನಿಯರ್‌ಗಳ ಕೈಯಲ್ಲಿ ಯಾವುದಿದೆಯೋ ಅದನ್ನೇ ಕೊಳ್ಳಿ. ಪರೀಕ್ಷೆಯ ಹಿಂದಿನ ರಾತ್ರಿ ಹೇಳಿಕೊಡಲು ಯಾರಾದರೂ ಇರುತ್ತಾರೆ.

ಈ ಸಣ್ಣ ಕ್ಯಾಲ್ಕುಲೇಟರ್ ಎಷ್ಟು ದೂರ ಹೋಗುತ್ತದೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ನ್ಯೂಟನ್-ರಾಫ್ಸನ್ ವಿಧಾನದಲ್ಲಿ ಎಕ್ಸ್³ − 2ಎಕ್ಸ್ − 5 = 0 ಬಿಡಿಸಿ ಅಂತ ಪ್ರಶ್ನೆ ಬರುತ್ತದಲ್ಲ, ನ್ಯೂಟನ್ ತಾನೇ ತನ್ನ ವಿಧಾನವನ್ನು ತೋರಿಸಲು ಎತ್ತಿಕೊಂಡ ಸಮೀಕರಣ ಅದು. ಇಎಸ್ ಪ್ಲಸ್‌ನಲ್ಲಿ 2 ಒತ್ತಿ, ಸಮ ಚಿಹ್ನೆ ಒತ್ತಿ. ಈಗ 'ಆನ್ಸ್' ಕೀಲಿಯಲ್ಲಿ 2 ಕೂತಿದೆ. ಆಮೇಲೆ ಸೂತ್ರವನ್ನು ಒಂದೇ ಸಾಲಿನಲ್ಲಿ ಬರೆಯಿರಿ: ಆನ್ಸ್ − (ಆನ್ಸ್³ − 2ಆನ್ಸ್ − 5) ÷ (3ಆನ್ಸ್² − 2). ಇನ್ನು ಬರೀ ಸಮ ಚಿಹ್ನೆ ಒತ್ತುತ್ತಾ ಹೋಗಿ. ಮೊದಲ ಒತ್ತಿಗೆ 2.1. ಎರಡನೆಯದಕ್ಕೆ 2.094568. ಮೂರನೆಯದಕ್ಕೆ 2.094551. ಆಮೇಲೆ ಅಲ್ಲಾಡುವುದಿಲ್ಲ. ಮೂರು ಒತ್ತಿಗೆ ಉತ್ತರ. ಇದನ್ನು ಮೊದಲ ಸಲ ಮಾಡಿದ ಮಕ್ಕಳ ಮುಖ ನೋಡಬೇಕು!

ಒಂದು ಎಚ್ಚರಿಕೆ. ಈ ಸರಣಿಯ ನಕಲಿಗಳು ಮಾರುಕಟ್ಟೆಯಲ್ಲಿ ಇವೆ. ಕೀ ಒತ್ತಿದರೆ ಸಡಿಲ, ಅಕ್ಷರ ಉಜ್ಜಿದರೆ ಅಳಿಸಿಹೋಗುವಂತಿರುತ್ತದೆ. ತೀರಾ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಬಿಲ್ ಮತ್ತು ವಾರಂಟಿ ಕಾರ್ಡ್ ಕೇಳಿ ತೆಗೆದುಕೊಳ್ಳಿ.

ನಿಜವಾಗಿ ಬೇಕಾದವರು

ಹಾಗಾದರೆ ಗ್ರಾಫಿಂಗ್ ಯಾರಿಗೆ ಬೇಕು? ಮುಖ್ಯವಾಗಿ ಐಬಿ ಡಿಪ್ಲೊಮಾ (ಇಂಟರ್‌ನ್ಯಾಷನಲ್ ಶಾಲೆಗಳ 11, 12ನೇ ತರಗತಿಯ ಕೋರ್ಸ್) ಮಕ್ಕಳಿಗೆ, ಮೇಲೆ ಹೇಳಿದ 0607ರವರಿಗೆ, ಮತ್ತು ಅಮೆರಿಕದ ಹೈಸ್ಕೂಲ್ ಮಕ್ಕಳಿಗೆ.

ಐಬಿಯಲ್ಲಿ ಗಣಿತ ಎರಡು ಬಗೆ. 'ಅನಾಲಿಸಿಸ್ ಅಂಡ್ ಅಪ್ರೋಚಸ್' ತೆಗೆದುಕೊಂಡವರಿಗೆ ಮೊದಲ ಪೇಪರಿನಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಎರಡನೆಯದಕ್ಕೆ ಗ್ರಾಫಿಂಗ್ ಬೇಕೇ ಬೇಕು. 'ಅಪ್ಲಿಕೇಷನ್ಸ್ ಅಂಡ್ ಇಂಟರ್‌ಪ್ರಿಟೇಷನ್' ತೆಗೆದುಕೊಂಡವರಿಗೆ ಎಲ್ಲ ಪೇಪರಿಗೂ ಬೇಕು. ಈ ಎರಡನೆಯ ಗುಂಪಿನವರು ಕ್ಯಾಲ್ಕುಲೇಟರನ್ನು ಗ್ರಾಫಿಗಿಂತ ಜಾಸ್ತಿ ಸಂಖ್ಯಾಶಾಸ್ತ್ರಕ್ಕೆ ಬಳಸುತ್ತಾರೆ. ಕೈ-ಸ್ಕ್ವೇರ್ ಟೆಸ್ಟ್, ಟಿ-ಟೆಸ್ಟ್, ನಾರ್ಮಲ್ ಡಿಸ್ಟ್ರಿಬ್ಯೂಷನ್, ಸಾಲದ ಕಂತಿನ ಲೆಕ್ಕ. ಶಾಲೆಯ ಐಬಿ ಕೋಆರ್ಡಿನೇಟರ್ ಹತ್ತಿರ ಒಪ್ಪಿಗೆಯಿರುವ ಮಾಡೆಲ್‌ಗಳ ಪಟ್ಟಿ ಇರುತ್ತದೆ. ಕೊಳ್ಳುವ ಮುಂಚೆ ಒಂದು ಇಮೇಲ್ ಹಾಕಿ ಕೇಳಿಕೊಳ್ಳಿ.

ಅಮೆರಿಕದಲ್ಲಿ ಎಪಿ ಕ್ಯಾಲ್ಕುಲಸ್ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಗಣಿತ) ಪರೀಕ್ಷೆ ಗ್ರಾಫಿಂಗ್ ಕ್ಯಾಲ್ಕುಲೇಟರಿನಿಂದ ಕೇಳುವುದು ನಾಲ್ಕೇ ಕೆಲಸ: ಗ್ರಾಫ್ ಬಿಡಿಸುವುದು, ಸೊನ್ನೆಯಾಗುವ ಜಾಗ ಹುಡುಕುವುದು, ಒಂದು ಬಿಂದುವಿನಲ್ಲಿ ಡೆರಿವೇಟಿವ್‌ನ ಬೆಲೆ ತೆಗೆಯುವುದು, ಡೆಫಿನೆಟ್ ಇಂಟೆಗ್ರಲ್‌ನ ಬೆಲೆ ತೆಗೆಯುವುದು. ಇವು ನಾಲ್ಕೂ ಅತಿ ಅಗ್ಗದ ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲೂ ಇವೆ. ಈಗ ಆ ಪರೀಕ್ಷೆಯಲ್ಲೂ ಬ್ಲೂಬುಕ್‌ನೊಳಗೆ ಡೆಸ್ಮೋಸ್ ಬಂದಿದೆ. ಆದರೂ ಕ್ಲಾಸಿನ ಟೆಸ್ಟು, ಕ್ವಿಜ್‌ಗಳಿಗೆ ಕೈಯಲ್ಲಿ ಹಿಡಿಯುವುದೇ ಬೇಕು ಅನ್ನುವ ಟೀಚರ್‌ಗಳು ತುಂಬ ಇದ್ದಾರೆ. ಅಲ್ಲಿನ ಶಾಲೆಗಳಲ್ಲಿ ಎಷ್ಟೋ ಕಡೆ ವರ್ಷಕ್ಕೆ ಅಂತ ಕ್ಯಾಲ್ಕುಲೇಟರ್ ಎರವಲು ಕೊಡುತ್ತಾರೆ. ಮೊದಲು ಅದನ್ನು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಇಂಗ್ಲೆಂಡಿನಲ್ಲಿ ಅಲ್ಲಿನ ಬೋರ್ಡುಗಳ ಎ ಲೆವೆಲ್ (ಮೇಲೆ ಹೇಳಿದ 9709 ಅಲ್ಲ) ಓದುವ ನಮ್ಮ ಮಕ್ಕಳಿಗೆ ಗ್ರಾಫಿಂಗ್ ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ. ಅದೇ 991 ಸರಣಿಯಲ್ಲಿ ಅಲ್ಲಿನ ಮಕ್ಕಳು ದಾಟಿಹೋಗುತ್ತಾರೆ.

ಕ್ಯಾಸಿಯೊ, ಟಿಐ, ನಮ್‌ವರ್ಕ್ಸ್

ನನ್ನ ಮೊದಲ ಆಯ್ಕೆ ಕ್ಯಾಸಿಯೊ ಎಫ್‌ಎಕ್ಸ್-9750ಜಿ-ತ್ರೀ. 2020ರಲ್ಲಿ ಬಂದ ಮಾಡೆಲ್. ಅಮೆರಿಕದಲ್ಲಿ ಸುಮಾರು 50ರಿಂದ 70 ಡಾಲರ್ ಒಳಗೆ ಹೊಸದೇ ಸಿಗುತ್ತದೆ. ಕಪ್ಪು-ಬಿಳಿ ಸ್ಕ್ರೀನು, 128×64 ಚುಕ್ಕಿ, ನೋಡಲು ಹಳೆಯ ಕಾಲದ್ದು ಅನ್ನಿಸುತ್ತದೆ. ಆದರೆ ಒಳಗೆ ಬೇಕಾದ್ದೆಲ್ಲ ಇದೆ. ಭಿನ್ನರಾಶಿ, ವರ್ಗಮೂಲ ಪುಸ್ತಕದಲ್ಲಿ ಇರುವ ಹಾಗೇ ಕಾಣುತ್ತವೆ. ಐಬಿಯವರಿಗೆ ಬೇಕಾದ ಟೆಸ್ಟ್‌ಗಳು, ಕಂತಿನ ಲೆಕ್ಕ, ಎಕ್ಸಾಮ್ ಮೋಡ್ (ಪರೀಕ್ಷೆಯ ಹೊತ್ತಿಗೆ ಒಳಗೆ ಉಳಿಸಿಟ್ಟದ್ದು ಸಿಗದಂತೆ ಮಾಡುವ ವ್ಯವಸ್ಥೆ), ಪೈಥಾನ್ ಕೂಡ ಇದೆ. ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ನಾಲ್ಕು ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಚಾರ್ಜರ್ ಮರೆತೆ ಅನ್ನುವ ಗಲಾಟೆ ಇಲ್ಲ.

ಅಂದ ಹಾಗೆ, ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೂಡ ಕ್ಯಾಸಿಯೊದ್ದೇ. 1985ರ ಎಫ್‌ಎಕ್ಸ್-7000ಜಿ. ಆದರೆ ಅಮೆರಿಕದ ಶಾಲೆಗಳನ್ನು ಹಿಡಿದುಕೊಂಡದ್ದು ಮಾತ್ರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಅಂದರೆ ಟಿಐ. ಅವರ ಟಿಐ-81 ಬಂದದ್ದು 1990ರಲ್ಲಿ, ಟಿಐ-84 ಪ್ಲಸ್ 2004ರಲ್ಲಿ. ಇಪ್ಪತ್ತು ವರ್ಷ ದಾಟಿದರೂ ಟಿಐ-84 ಹೆಸರು ಅಲ್ಲಿನ ಪಠ್ಯಪುಸ್ತಕಗಳಲ್ಲೇ ಅಚ್ಚಾಗಿದೆ. ಯಾವ ಕೀ ಆದಮೇಲೆ ಯಾವ ಕೀ ಅಂತ ಚಿತ್ರದ ಸಮೇತ. ಹಳೆಯ ಟಿಐ-84 ಪ್ಲಸ್‌ನ ಸ್ಕ್ರೀನು 96×64 ಚುಕ್ಕಿ, ಅಂದರೆ ಮೇಲೆ ಹೇಳಿದ ಅಗ್ಗದ ಕ್ಯಾಸಿಯೊಗಿಂತಲೂ ಕಡಿಮೆ. 2015ರಲ್ಲಿ ಬಂದ ಟಿಐ-84 ಪ್ಲಸ್ ಸಿಇ ಬಣ್ಣದ್ದು, 320×240 ಚುಕ್ಕಿ, ಚಾರ್ಜ್ ಮಾಡುವ ಬ್ಯಾಟರಿ. ಚೆನ್ನಾಗಿದೆ, ಆದರೆ ಹೊಸದಕ್ಕೆ 100 ಡಾಲರ್‌ಗಿಂತ ಜಾಸ್ತಿಯೇ ಕೊಡಬೇಕು.

ಎರಡರಲ್ಲೂ ಒಂದೇ ಲೆಕ್ಕ ಮಾಡಿ ನೋಡೋಣ. ವೈ = ಎಕ್ಸ್² − 5ಎಕ್ಸ್ + 6 ಎಲ್ಲಿ ಸೊನ್ನೆಯಾಗುತ್ತದೆ? ಕ್ಯಾಸಿಯೊದಲ್ಲಿ ಮೆನುವಿನಿಂದ ಗ್ರಾಫ್ ತೆರೆದು, ಸಮೀಕರಣ ಬರೆದು, ಎಫ್6 ಒತ್ತಿದರೆ ಚಿತ್ರ ಬರುತ್ತದೆ. ಶಿಫ್ಟ್, ಎಫ್5, ಎಫ್1 ಒತ್ತಿದರೆ 2 ಅಂತ ತೋರಿಸುತ್ತದೆ. ಬಲದ ಬಾಣ ಒತ್ತಿದರೆ 3. ಕೆಲಸ ಮುಗಿಯಿತು. ಟಿಐ-84ರಲ್ಲಿ ಗ್ರಾಫ್ ಬಂದಮೇಲೆ ಸೆಕೆಂಡ್, ಟ್ರೇಸ್, 2 ಒತ್ತಬೇಕು. ಆಗ ಅದು ಎಡದ ಗಡಿ ಎಲ್ಲಿ ಅಂತ ಕೇಳುತ್ತದೆ. ಬಾಣ ಒತ್ತಿ ಒತ್ತಿ ಚುಕ್ಕಿಯನ್ನು 2ರ ಎಡಕ್ಕೆ ಒಯ್ದು ಎಂಟರ್. ಬಲದ ಗಡಿ ಎಲ್ಲಿ ಅಂತ ಕೇಳುತ್ತದೆ, ಮತ್ತೆ ಬಾಣ, ಮತ್ತೆ ಎಂಟರ್. ಒಂದು ಅಂದಾಜು ಕೊಡು ಅನ್ನುತ್ತದೆ, ಮತ್ತೊಮ್ಮೆ ಎಂಟರ್. ಆಗ 2 ಬರುತ್ತದೆ. 3 ಬೇಕಾದರೆ ಇಷ್ಟೂ ಇನ್ನೊಂದು ಸಲ. ಪರೀಕ್ಷೆಯಲ್ಲಿ ಈ ಅರ್ಧರ್ಧ ನಿಮಿಷ ಸೇರಿ ಸೇರಿ ಒಂದು ಪ್ರಶ್ನೆಯ ಹೊತ್ತನ್ನೇ ತಿಂದುಬಿಡುತ್ತದೆ.

ಇಷ್ಟೆಲ್ಲ ಹೇಳಿಯೂ ಕೆಲವರಿಗೆ ನಾನು ಟಿಐ-84ನ್ನೇ ಕೊಳ್ಳಿ ಅನ್ನುತ್ತೇನೆ. ಅಮೆರಿಕದ ಕ್ಲಾಸಿನಲ್ಲಿ ಟೀಚರ್ ಬೋರ್ಡಿನ ಮೇಲೆ ಟಿಐ-84 ತೋರಿಸುತ್ತಾ "ಸೆಕೆಂಡ್, ಟ್ರೇಸ್, 2" ಅಂದಾಗ, ಮೂವತ್ತು ಮಕ್ಕಳ ಮಧ್ಯೆ ಬೇರೆ ಕ್ಯಾಲ್ಕುಲೇಟರ್ ಹಿಡಿದು ಕುಳಿತ ಒಂದು ಮಗು ಒಂಟಿಯಾಗುತ್ತದೆ. ಕೈಯೆತ್ತಿ ಕೇಳುವ ಮಗುವಾದರೆ ಪರವಾಗಿಲ್ಲ, ಅದು ಮ್ಯಾನ್ಯುವಲ್ ಓದಿ ಒಂದು ವಾರದಲ್ಲಿ ಕ್ಯಾಸಿಯೊ ಕಲಿಯುತ್ತದೆ. ಹೊಸ ದೇಶಕ್ಕೆ ಈಗಷ್ಟೇ ಹೋದ, ಮಾತಾಡಲೂ ಹಿಂಜರಿಯುವ ಮಗುವಾದರೆ ಎಲ್ಲರ ಕೈಯಲ್ಲಿರುವುದನ್ನೇ ಕೊಡಿಸಿ. ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ಟಿಐ-84 ಪ್ಲಸ್ ಸಾಕು. ಭಾರತದ ಐಬಿ ಶಾಲೆಯಲ್ಲೂ ಇದೇ ಲೆಕ್ಕ: ಟೀಚರ್ ಯಾವುದರಲ್ಲಿ ಹೇಳಿಕೊಡುತ್ತಾರೆ ಅಂತ ಕೇಳಿ, ಆಮೇಲೆ ಬೆಲೆ ನೋಡಿ.

ಮೂರನೆಯದು ನಮ್‌ವರ್ಕ್ಸ್. ಫ್ರಾನ್ಸಿನ ಕಂಪನಿ, ಅವರ ಕ್ಯಾಲ್ಕುಲೇಟರ್ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಬೆಲೆ ಸುಮಾರು 100 ಡಾಲರ್. ತೆಳ್ಳಗಿದೆ, ಬಣ್ಣದ ಸ್ಕ್ರೀನು, ಯುಎಸ್‌ಬಿಯಲ್ಲಿ ಚಾರ್ಜ್ ಆಗುತ್ತದೆ. ಇದರ ಮೆನು ಫೋನಿನ ಹಾಗಿದೆ, ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಸ್‌ಎಟಿ, ಅದರಂಥದ್ದೇ ಇನ್ನೊಂದು ಪರೀಕ್ಷೆಯಾದ ಎಸಿಟಿ, ಎಪಿ, ಐಬಿ ಎಲ್ಲದಕ್ಕೂ ನಡೆಯುತ್ತದೆ. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಇಡೀ ಕ್ಯಾಲ್ಕುಲೇಟರ್ ಅವರ ವೆಬ್‌ಸೈಟಿನಲ್ಲಿ, ಫೋನ್ ಆ್ಯಪ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೊಳ್ಳುವ ಮೊದಲು ಮಗು ಒಂದು ವಾರ ಅದರಲ್ಲೇ ಮನೆಗೆಲಸ ಮಾಡಿ ನೋಡಲಿ. ಇಷ್ಟವಾದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. ಬೆಂಗಳೂರಿನ ಅಂಗಡಿಗಳಲ್ಲಿ ನಾನು ಇದನ್ನು ಕಂಡಿಲ್ಲ, ಹೊರಗಿನಿಂದ ತರಿಸಿಕೊಂಡವರನ್ನು ಮಾತ್ರ ನೋಡಿದ್ದೇನೆ.

ಕ್ಯಾಸಿಯೊದಲ್ಲೇ ಬಣ್ಣ ಬೇಕು ಅನ್ನುವವರಿಗೆ ಎಫ್‌ಎಕ್ಸ್-ಸಿಜಿ50 ಇದೆ. ಮೂರು ಆಯಾಮದ ಚಿತ್ರವನ್ನೂ ಬಿಡಿಸುತ್ತದೆ. ಮೂರು ನಾಲ್ಕು ಗ್ರಾಫ್ ಒಟ್ಟಿಗೆ ಬಿಡಿಸಿದಾಗ ಯಾವ ಗೆರೆ ಯಾವುದು ಅಂತ ಬಣ್ಣದಿಂದ ಗೊತ್ತಾಗುತ್ತದೆ, ಅದು ನಿಜವಾದ ಅನುಕೂಲ. ಐಬಿ ಹೈಯರ್ ಲೆವೆಲ್ ಮಕ್ಕಳಿಗೆ ಕೈಯಲ್ಲಿ ದುಡ್ಡಿದ್ದರೆ ಇದು ಒಳ್ಳೆಯದು. ಇಲ್ಲದಿದ್ದರೆ 9750ರಲ್ಲಿ ಮಾಡಲಾಗದ ಪರೀಕ್ಷೆಯ ಪ್ರಶ್ನೆ ನನಗಂತೂ ಇದುವರೆಗೆ ಸಿಕ್ಕಿಲ್ಲ.

ಭಾರತದಲ್ಲಿ ಇವೆಲ್ಲದರ ಬೆಲೆ ಅಮೆರಿಕಕ್ಕಿಂತ ಜಾಸ್ತಿ ಬೀಳುತ್ತದೆ. ಅಲ್ಲಿಂದ ಬರುವ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ ತರಿಸುವವರು ಬಹಳ. ತರಿಸಿ, ಆದರೆ ಕೆಟ್ಟರೆ ಇಲ್ಲಿ ವಾರಂಟಿ ಸಿಗುವುದು ಕಷ್ಟ ಅಂತ ತಿಳಿದು ತರಿಸಿ. ಬಂದ ದಿನವೇ ಎಲ್ಲ ಕೀಗಳನ್ನೂ ಒತ್ತಿ ನೋಡಿ.

ಸಿಎಎಸ್ ಅನ್ನುವ ಮೂರು ಅಕ್ಷರ

ಪೆಟ್ಟಿಗೆಯ ಮೇಲೆ ಸಿಎಎಸ್ ಅಂತ ಇದ್ದರೆ ಅಲ್ಲೇ ನಿಲ್ಲಿ. ಅಂಥ ಕ್ಯಾಲ್ಕುಲೇಟರ್ ಸಂಖ್ಯೆಯನ್ನಷ್ಟೇ ಅಲ್ಲ, ಬೀಜಗಣಿತವನ್ನೇ ಬಿಡಿಸುತ್ತದೆ. ಎಕ್ಸ್² − 1 ಕೊಟ್ಟರೆ (ಎಕ್ಸ್ − 1)(ಎಕ್ಸ್ + 1) ಅಂತ ಅಪವರ್ತಿಸಿ ಕೊಡುತ್ತದೆ. ಇಂಟೆಗ್ರೇಷನ್ ಕೂಡ ಸೂತ್ರದ ರೂಪದಲ್ಲೇ ಬರುತ್ತದೆ. ಟಿಐ-89, ಟಿಐ-ಎನ್‌ಸ್ಪೈರ್ ಸಿಎಎಸ್, ಎಚ್‌ಪಿ ಪ್ರೈಮ್, ಕ್ಯಾಸಿಯೊ ಕ್ಲಾಸ್‌ಪ್ಯಾಡ್ ಈ ಜಾತಿಯವು. ಐಬಿ ಸಿಎಎಸ್ ಬಿಡುವುದಿಲ್ಲ, ಎಸಿಟಿ ಈ ನಾಲ್ಕನ್ನೂ ಬಿಡುವುದಿಲ್ಲ. ಎಪಿ ಕ್ಯಾಲ್ಕುಲಸ್ ಮಾತ್ರ ಬಿಡುತ್ತದೆ.

ಎನ್‌ಸ್ಪೈರ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಟಿಐ-ಎನ್‌ಸ್ಪೈರ್ ಸಿಎಕ್ಸ್ ಟೂ ಅಂತ ಒಂದು, ಟಿಐ-ಎನ್‌ಸ್ಪೈರ್ ಸಿಎಕ್ಸ್ ಟೂ ಸಿಎಎಸ್ ಅಂತ ಇನ್ನೊಂದು. ನೋಡಲು ಅಣ್ಣತಮ್ಮಂದಿರ ಹಾಗೆ. ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಅವಳ ಅಪ್ಪ ವಿದೇಶದಿಂದ ಬರುವಾಗ ಪ್ರೀತಿಯಿಂದ ಒಂದು ದುಬಾರಿ ಕ್ಯಾಲ್ಕುಲೇಟರ್ ತಂದುಕೊಟ್ಟರು. ಎರಡು ತಿಂಗಳು ಅದರಲ್ಲೇ ಅಭ್ಯಾಸ ಮಾಡಿದಳು. ಶಾಲೆಯ ಮೊದಲ ಟೆಸ್ಟಿನ ದಿನ ಅದು ಸಿಎಎಸ್ ಅಂತ ಗೊತ್ತಾಗಿ ಹೊರಗಿಡಿಸಿದರು. ಅವಳು ಅಳುತ್ತಾ ಫೋನ್ ಮಾಡಿದ್ದು ನನಗೆ ಇನ್ನೂ ನೆನಪಿದೆ. ಕೊನೆಗೆ ಅರ್ಧ ಬೆಲೆಗೆ ಅದನ್ನು ಮಾರಿ ಬೇರೆ ಕೊಂಡರು. ಕೈ ಪಳಗಿದ್ದ ಎರಡು ತಿಂಗಳು ಮಾತ್ರ ವಾಪಸ್ ಬರಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಗ್ರಾಫಿಂಗ್ ಕ್ಯಾಲ್ಕುಲೇಟರ್ ಎರಡು ವರ್ಷ ಬಳಸಿ ಮೂಲೆಗಿಡುವ ವಸ್ತು. ಹಾಗಾಗಿ ಹಳೆಯದು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ನಾನೇ ಎಷ್ಟೋ ಮಕ್ಕಳಿಗೆ ಕೊಡಿಸಿದ್ದೇನೆ. ಐಬಿ ಮುಗಿಸಿ ಹೋಗುವ ಸೀನಿಯರ್‌ಗಳ ಹತ್ತಿರ ಮೇ ತಿಂಗಳ ಕೊನೆಗೆ ಕೇಳಿ. ಆಗ ಅವರಿಗೂ ಕೊಟ್ಟುಬಿಟ್ಟರೆ ಸಾಕು ಅನ್ನಿಸಿರುತ್ತದೆ.

ಮೊದಲು ಹಿಂದಿನ ಮುಚ್ಚಳ ತೆಗೆದು ಸೆಲ್ ಕೂರುವ ಜಾಗ ನೋಡಿ. ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ. ಸ್ವಲ್ಪವಾದರೆ ಒರೆಸಬಹುದು, ಸ್ಪ್ರಿಂಗೇ ತಿಂದುಹೋಗಿದ್ದರೆ ಬೇಡ. ಆಮೇಲೆ ಸ್ಕ್ರೀನ್ ತುಂಬ ಗ್ರಾಫ್ ಬಿಡಿಸಿ, ಕಂಬದ ಹಾಗೆ ಎಲ್ಲಾದರೂ ಖಾಲಿ ಗೆರೆ ಕಾಣುತ್ತದಾ ನೋಡಿ. ಹಳೆಯ ಟಿಐಗಳಲ್ಲಿ ಇದು ಕಾಣಿಸಿಕೊಳ್ಳುವುದುಂಟು, ರಿಪೇರಿ ಸುಲಭವಲ್ಲ. ಹಿಂಭಾಗದಲ್ಲಿ ಯಾವುದಾದರೂ ಶಾಲೆಯ ಹೆಸರು ಕೆತ್ತಿದ್ದರೆ ಅದು ಶಾಲೆಯ ಆಸ್ತಿ, ಕೊಳ್ಳಬೇಡಿ.

ಟಿಐ-84ರಲ್ಲಿ ಗ್ರಾಫ್ ಒತ್ತಿದ ಕೂಡಲೇ 'ಇನ್‌ವ್ಯಾಲಿಡ್ ಡಿಮ್' ಅಂತ ಎರರ್ ಬಂದರೆ ಕೆಟ್ಟಿದೆ ಅಂತ ಹೆದರಬೇಡಿ. ಹಿಂದಿನವರು ಸ್ಟ್ಯಾಟ್ ಪ್ಲಾಟ್ (ಅಂಕಿಅಂಶದ ಚಿತ್ರ ಬಿಡಿಸುವ ಸೆಟ್ಟಿಂಗ್) ಆನ್ ಮಾಡಿ ಹಾಗೇ ಬಿಟ್ಟಿರುತ್ತಾರೆ, ಅದನ್ನು ಆಫ್ ಮಾಡಿದರೆ ಸರಿಹೋಗುತ್ತದೆ. ಮಾರುವವರಿಗೂ ಇದು ಗೊತ್ತಿಲ್ಲದೆ ಕಡಿಮೆ ಬೆಲೆಗೆ ಕೊಡುವುದುಂಟು. ಗೊತ್ತಿದ್ದ ನೀವು ಅವರಿಗೂ ಹೇಳಿ, ಸರಿಯಾದ ಬೆಲೆ ಕೊಡಿ.

ಕೊಂಡ ಮೇಲೆ

ಪರೀಕ್ಷೆಯ ಹಿಂದಿನ ವಾರ ಕೊಂಡ ಕ್ಯಾಲ್ಕುಲೇಟರ್ ಉಪಯೋಗಕ್ಕಿಂತ ಉಪದ್ರವ ಜಾಸ್ತಿ ಕೊಡುತ್ತದೆ. ವರ್ಷದ ಮೊದಲೇ ಕೊಂಡು ದಿನವೂ ಬಳಸಬೇಕು. ಮಕ್ಕಳು ಎಡವುವ ಜಾಗಗಳು ಹೆಚ್ಚೇನಿಲ್ಲ, ಎಲ್ಲರೂ ಅಲ್ಲಲ್ಲೇ ಎಡವುತ್ತಾರೆ.

ಒಂದು, ವಿಂಡೋ, ಅಂದರೆ ಎಕ್ಸ್ ಮತ್ತು ವೈ ಎಲ್ಲಿಂದ ಎಲ್ಲಿಯವರೆಗೆ ಸ್ಕ್ರೀನಿನಲ್ಲಿ ಕಾಣಬೇಕು ಅನ್ನುವ ಮಿತಿ. ವೈ = ಎಕ್ಸ್² − 40ಎಕ್ಸ್ + 300 ಅಂತ ಹಾಕಿ, ಎರಡೂ ಕಡೆ −10ರಿಂದ 10ರವರೆಗಿನ ವಿಂಡೋದಲ್ಲಿ ನೋಡಿ. ಸ್ಕ್ರೀನು ಖಾಲಿ! ಕಣ್ಣಿಟ್ಟು ನೋಡಿದರೆ ಬಲ ಅಂಚಿನಲ್ಲಿ ಉಗುರಿನಷ್ಟು ಗೆರೆ ಕಾಣುತ್ತದೆ. ಈ ಪ್ಯಾರಾಬೋಲಾ ಸೊನ್ನೆಯನ್ನು ದಾಟುವುದು 10 ಮತ್ತು 30ರಲ್ಲಿ. ಅದರ ತಳ ಎಕ್ಸ್ 20 ಇದ್ದಾಗ −100ಕ್ಕೆ ಇಳಿದಿರುತ್ತದೆ. ನಾವು ಕಿಟಕಿಯನ್ನೇ ಬೇರೆ ಕಡೆ ತೆರೆದಿದ್ದೇವೆ. "ಮೇಡಂ, ಗ್ರಾಫ್ ಬರ್ತಾನೇ ಇಲ್ಲ" ಅನ್ನುವ ಮಗುವಿಗೆ ನಾನು ವಿಂಡೋ ಬದಲಿಸು ಅಂತ ಕೂಡಲೇ ಹೇಳುವುದಿಲ್ಲ. ಎಕ್ಸ್ ಸೊನ್ನೆಯಾದರೆ ವೈ ಎಷ್ಟು ಅಂತ ಕೇಳುತ್ತೇನೆ. 300 ಅಂತ ಬಾಯಲ್ಲಿ ಹೇಳುತ್ತಲೇ ಅದಕ್ಕೆ ಹೊಳೆಯುತ್ತದೆ, ಸ್ಕ್ರೀನು 10ರವರೆಗೆ ಮಾತ್ರ ಇದೆಯಲ್ವಾ ಅಂತ.

ಇನ್ನೊಂದು, ಡಿಗ್ರಿ ಮತ್ತು ರೇಡಿಯನ್. ಡಿಗ್ರಿಯಲ್ಲಿಟ್ಟು ಸೈನ್ ಎಕ್ಸ್ ಬಿಡಿಸಿದರೆ ಅದೇ ವಿಂಡೋದಲ್ಲಿ ಅಲೆಯೇ ಕಾಣುವುದಿಲ್ಲ, ಮಲಗಿಸಿದ ಕಡ್ಡಿಯ ಹಾಗೆ ನೇರ ಗೆರೆ. 10 ಡಿಗ್ರಿಯ ಸೈನ್ ಬರೀ 0.17 ಅಲ್ವಾ, ಎದ್ದು ಕಾಣುವುದಾದರೂ ಹೇಗೆ? ಗೆರೆ ಕಣ್ಣಿಗೆ ಬಿದ್ದರೆ ತಪ್ಪು ಗೊತ್ತಾಗುತ್ತದೆ. ಇಂಟೆಗ್ರಲ್‌ನ ಬೆಲೆ ಮಾತ್ರ ತೆಗೆದರೆ ಗೊತ್ತೂ ಆಗುವುದಿಲ್ಲ, ತಪ್ಪು ಉತ್ತರವನ್ನೇ ನೆಮ್ಮದಿಯಾಗಿ ಬರೆದು ಬರುತ್ತಾರೆ.

ಟಿಐಯಲ್ಲಿ ಮೈನಸ್ ಎರಡಿವೆ. ಕಳೆಯುವುದಕ್ಕೆ ಒಂದು, ಋಣ ಸಂಖ್ಯೆಗೆ ಆವರಣದೊಳಗಿನ ಇನ್ನೊಂದು. −3 ಬರೆಯಲು ಕಳೆಯುವ ಕೀ ಒತ್ತಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ ಅಥವಾ ಹಿಂದಿನ ಉತ್ತರದಿಂದ 3 ಕಳೆದು ಕೂರುತ್ತದೆ.

ಕೊನೆಯದಾಗಿ ಎಕ್ಸಾಮ್ ಮೋಡ್. ಇದನ್ನು ಮನೆಯಲ್ಲೇ ಎರಡು ಸಲ ಮಾಡಿಸಿ. ಕ್ಯಾಸಿಯೊದಲ್ಲಿ ಆಫ್ ಮಾಡಿ, ಕಾಸ್, 7 ಮತ್ತು ಆನ್ ಈ ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಟಿಐ-84ರಲ್ಲಿ ಆಫ್ ಮಾಡಿ, ಎಡ ಬಾಣ, ಬಲ ಬಾಣ, ಆನ್. ಇನ್ವಿಜಿಲೇಟರ್ ಮುಂದೆ ಕೈ ನಡುಗುವಾಗ ಇದನ್ನು ಹುಡುಕುವ ಹಾಗಾಗಬಾರದು. ಒಳಗೆ ಹೋದಮೇಲೆ ಸೆಟ್ಟಿಂಗ್ ಬದಲಾಗಿರಬಹುದು, ಹಾಗಾಗಿ ಮೊದಲ ಪ್ರಶ್ನೆಗೆ ಮುಂಚೆ ಸೈನ್ 30 ಒತ್ತಿ ನೋಡಲಿ. 0.5 ಬಂದರೆ ಡಿಗ್ರಿ, −0.988 ಬಂದರೆ ರೇಡಿಯನ್.